ಹೆಸರು ಆಮೇಲೆ, ಮೊದಲು ಹಕ್ಕಿ

ಕೇಳುಗರಿಗೆ ನಮಸ್ಕಾರ. ಚಳಿಗಾಲ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. "ಸಾರ್, ನಾವು ಕಾಳು ಹಾಕೋ ಕಡೆ ಯಾವುದೋ ಹೊಸ ಹಕ್ಕಿ ಬಂದಿತ್ತು, ಹೆಸರೇನು?" ಹೇಗಿತ್ತು ಅಂತ ಕೇಳಿದರೆ, "ಸಖತ್ತಾಗಿತ್ತು ಸಾರ್!" ಅಷ್ಟೇ. ಕೆಲವರು ಫೋಟೋ ತೆಗೆಯಲು ಫೋನ್ ತರೋಣವೆಂದು ಒಳಗೆ ಓಡುತ್ತಾರೆ. ವಾಪಸ್ ಬರುವ ತನಕ ಹಕ್ಕಿ ಕಾಯುತ್ತಾ ಕೂತಿರುತ್ತಾ? ನೋಡಿ ಸ್ವಾಮಿ, ಮೊದಲು ನೋಡಿ. ಎಲ್ಲಿದೆ, ಏನು ಮಾಡುತ್ತಿದೆ? ಹೆಸರು ಆಮೇಲೆ.

ನಮ್ಮ ಬೀದಿಯ ಕೊನೇ ಮನೆ ಅಜ್ಜಿಯ ಕತೆ ಹೇಳಲೇಬೇಕು. ಒಂದು ನವೆಂಬರಿನಲ್ಲಿ ಗೇಟಿನ ಹತ್ತಿರ ನಿಲ್ಲಿಸಿಕೊಂಡರು. "ಗುಬ್ಬಿಗೆ ಅಂತ ನವಣೆ ಹಾಕ್ತೀನಲ್ಲಪ್ಪ, ಅಲ್ಲಿಗೆ ಒಬ್ಬ ಹೊಸಬ ಬಂದಿದಾನೆ. ನವಣೆ ಮೂಸಿಯೂ ನೋಡಲ್ಲ. ಸಪೋಟ ಮರದ ಕೆಳಗೆ ತರಗೆಲೆ ಎತ್ತಿ ಎತ್ತಿ ಎಸೀತಾನೆ. ಹಾರೋದು ಕಮ್ಮಿ, ಕುಪ್ಪಳಿಸೋದೇ ಜಾಸ್ತಿ. ಇರೋದು ಮೋಟು ಬಾಲ, ಅದನ್ನೇ ಮೇಲೆ ಕೆಳಗೆ ಆಡಿಸ್ತಾನೆ. ಸಂಜೆ ಆರಕ್ಕೆ ಸರಿಯಾಗಿ ಸೀಟಿ ಹೊಡೆದು, ಒಗೆಯೋ ಕಲ್ಲಿನ ಪಕ್ಕ ನಿಂತ ನೀರಲ್ಲಿ ಸ್ನಾನ!"

ನನಗೆ ಅಲ್ಲೇ ಗೊತ್ತಾಯಿತು. ಅದು ನವರಂಗ. ಒಂಬತ್ತು ಬಣ್ಣದ ಹಕ್ಕಿ ಅಂತಲೇ ಆ ಹೆಸರು. ಅಜ್ಜಿ ಒಂದು ಬಣ್ಣವನ್ನೂ ಹೇಳಿರಲಿಲ್ಲ! ತಮಿಳರು ಇದನ್ನು ಆರು ಮಣಿ ಕುರುವಿ ಅನ್ನುತ್ತಾರೆ, ಅಂದರೆ ಆರು ಗಂಟೆ ಹಕ್ಕಿ. ಬೆಳಗ್ಗೆ, ಸಂಜೆ ಅದೇ ಹೊತ್ತಿಗೆ ಕೂಗುತ್ತದೆ.

ಮೂರು ದಿನ ಅವರ ಹಿತ್ತಲಲ್ಲಿ ಕೂತೆ. ಎರಡು ದಿನ ಬರೀ ಕಾಫಿ ಸಿಕ್ಕಿತು. ಮೂರನೇ ದಿನ ಬಂತು ನೋಡಿ, ಮೈನಾಗಿಂತ ಚಿಕ್ಕದು. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ರೆಕ್ಕೆಯ ಮೇಲೆ ಒಂದಿಷ್ಟು ನೀಲಿ, ಬಾಲದ ಬುಡದಲ್ಲಿ ಕುಂಕುಮದಂಥ ಕೆಂಪು. ಅಜ್ಜಿ ಮಾತ್ರ, "ಬಾಲ ನೋಡು, ಬಾಲ" ಅನ್ನುತ್ತಲೇ ಇದ್ದರು.

ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ ಚಳಿಗೆ ನಮ್ಮ ಕಡೆ ಬರುತ್ತದೆ. ಶ್ರೀಲಂಕಾಕ್ಕೂ ಹೋಗುತ್ತದೆ. ಪ್ರಯಾಣ ರಾತ್ರಿ ಹೊತ್ತು. ಬೆಳಕಿಗೆ ಮರುಳಾಗಿ, ದಣಿದು ಮನೆಯೊಳಗೆ ಬೀಳುವುದೂ ಉಂಟು.

ಅಯ್ಯೋ, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಟೈಮ್ ಆಯಿತಂತೆ. ಬೇಗ ಹೇಳಿಬಿಡುತ್ತೇನೆ. ನವರಂಗಕ್ಕೆ ಕಾಳು ಬೇಡ, ಹುಳು ಬೇಕು. ಹುಳು ಇರುವುದು ತರಗೆಲೆ ಅಡಿಯಲ್ಲಿ. ಮರದ ಬುಡ ಗುಡಿಸಬೇಡಿ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ಎರಡು ಬೆರಳಿಗಿಂತ ಆಳ ಬೇಡ. ಬೆಕ್ಕಿದ್ದರೆ ಒಳಗಿರಲಿ. ಹಕ್ಕಿ ಬಂದಾಗ ಫೋನ್ ಹುಡುಕಬೇಡಿ, ನೋಡಿ. ನೋಡಿದ್ದನ್ನು ನನಗೆ ಹೇಳಿ, ಹೆಸರು ನಾನು ಹೇಳುತ್ತೇನೆ. ನಮಸ್ಕಾರ.