ಕಲಬುರಗಿ ಮನೆಗೆ ಲಿಫ್ಟ್: ಬಾಗಿಲಿನ ಅಗಲ ಮೊದಲು ಕೇಳಿ

ನಮಸ್ಕಾರ ಎಲ್ಲರಿಗೂ. ಲಿಫ್ಟ್ ಜಾರುವ ಕಂಬಿಗೆ, ಅಂದರೆ ಗೈಡ್ ರೈಲ್‌ಗೆ ಬ್ರಾಕೆಟ್ ಹೊಡೆಯುತ್ತಿದ್ದಾರೆ, ಡ್ರಿಲ್ ಸದ್ದು ಜಾಸ್ತಿ, ಅದಕ್ಕೇ ದನಿ ಆಮೇಲೆ ಸೇರಿಸಿದ್ದೇನೆ. ಈ ಮೆಟ್ಟಿಲು ನೋಡಿ. ಶಹಾಬಾದ್ ಕಲ್ಲು, ಒಂದೊಂದೂ ಎತ್ತರ, ಅಂಚು ಸವೆದು ನುಣ್ಣಗಾಗಿದೆ. ಅಮ್ಮನಿಗೆ ಮೊಣಕಾಲು ಹಿಡಿದ ಮೇಲೆ ಮಹಡಿ ಹತ್ತುವುದೇ ನಿಂತಿದೆ. ಸಂಡಿಗೆ ಒಣಗಿಸೋಕೆ ತಾರಸಿಗೆ ಬೇರೆಯವರನ್ನು ಕಳಿಸಿ, ಕೆಳಗಿನಿಂದಲೇ ಕೂಗಿ ಕೂಗಿ ಹೇಳುತ್ತಾರೆ, ತಿರುವಿ ಹಾಕಿ, ಕಾಗೆ ನೋಡಿಕೊಳ್ಳಿ ಅಂತ. ಈಗ ಮನೆಯೊಳಗೂ ವೀಲ್‌ಚೇರ್ ಬೇಕು.

ಯಾವ ಲಿಫ್ಟ್ ಅಂತ ತುಂಬಾ ಜನ ಕೇಳಿದ್ದೀರಿ. ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಲ್ಲಿ ಮೇಲೇರುವುದು. ಕಾರಣ ನಮ್ಮ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ರೋಪಿನ ಲಿಫ್ಟಿಗೆ ಸಾಮಾನ್ಯವಾಗಿ ನಾಲ್ಕೈದು ಅಡಿ ಗುಂಡಿ ಕೇಳುತ್ತಾರೆ. ಹಳೇ ಪಾಯದ ಪಕ್ಕದಲ್ಲೇ ಅಷ್ಟು ಆಳ ತೋಡುವುದಕ್ಕೆ ನಮ್ಮ ಎಂಜಿನಿಯರ್ ಒಪ್ಪಲೇ ಇಲ್ಲ. ಮನೆಗೆ ಹಾಕುವ ಹೈಡ್ರಾಲಿಕ್‌ಗೆ ಒಂದು ಅಡಿ ಸಾಕು. ಅಷ್ಟಾದರೂ ಗುಂಡಿಗೆ ವಾಟರ್‌ಪ್ರೂಫಿಂಗ್ ಮಾಡಿಸಲೇಬೇಕು, ಈ ಮಣ್ಣಿನಲ್ಲಿ ನೀರು ಬೇಗ ಇಂಗಲ್ಲ.

ತಮ್ಮನಿಗೆ ಆ ದುಂಡನೆ ವ್ಯಾಕ್ಯೂಮ್ ಲಿಫ್ಟ್ ಮೇಲೆ ಮನಸ್ಸಿತ್ತು. ಗಾಳಿಯ ಒತ್ತಡದಲ್ಲಿ ಓಡುತ್ತದೆ, ಗುಂಡಿಯೇ ಬೇಡ, ನೋಡೋಕೂ ಚೆಂದ. ಆದರೆ ಚಿಕ್ಕ ಸೈಜಿನಲ್ಲಿ ವೀಲ್‌ಚೇರ್ ಹಿಡಿಯಲ್ಲ. ದೊಡ್ಡದರ ರೇಟು ಕೇಳಿ ಅಲ್ಲಿಗೇ ಬಿಟ್ಟೆವು.

ಇನ್ನೊಂದು, ಕರೆಂಟು. ಹೈಡ್ರಾಲಿಕ್‌ನಲ್ಲಿ ಪಂಪು ದುಡಿಯುವುದು ಮೇಲಕ್ಕೆ ಹೋಗುವಾಗ ಮಾತ್ರ. ಇಳಿಯುವಾಗ ವಾಲ್ವ್ ತೆರೆದರೆ ಎಣ್ಣೆ ಟ್ಯಾಂಕಿಗೆ ವಾಪಸ್ ಬರುತ್ತದೆ, ಕ್ಯಾಬಿನ್ ತನ್ನ ಭಾರಕ್ಕೇ ನಿಧಾನವಾಗಿ ಕೆಳಗೆ ಬರುತ್ತದೆ. ಹಾಗಾಗಿ ಕರೆಂಟು ಹೋದರೂ ಒಂದು ಚಿಕ್ಕ ಬ್ಯಾಟರಿಯಿಂದ ಕೆಳಗಿಳಿದು ಹೊರಗೆ ಬರಬಹುದು. ನನಗೆ ಇದೊಂದೇ ಸಾಕಿತ್ತು. ಮೇ ತಿಂಗಳ ಬಿಸಿಲಿಗೆ ಎಣ್ಣೆ ತೆಳುವಾಗುತ್ತದೆ, ಅದು ನಿಜ. ಅದಕ್ಕೇ ಪಂಪಿನ ಪೆಟ್ಟಿಗೆಯನ್ನು ತಾರಸಿ ಮೇಲೆ ಇಡಿಸಬೇಡಿ, ಕೆಳಗೆ ನೆರಳಲ್ಲಿ, ಗಾಳಿಯಾಡುವ ಕಡೆ ಇಡಿಸಿ.

ಈಗ ಬಾಗಿಲಿನ ವಿಷಯಕ್ಕೆ ಬರೋಣ. ಟೇಪ್ ನೋಡಿ. ಈ ಚೌಕಟ್ಟಿನಿಂದ ಆ ಚೌಕಟ್ಟಿಗೆ 700 ಮಿಲಿಮೀಟರ್. ಡ್ರಾಯಿಂಗ್‌ನಲ್ಲಿ ಇರುವುದು 800, ಕಂಪನಿಯವರದೇ ಸೀಲು, ಅವರದೇ ಸಹಿ. ಕೇಳಿದರೆ ಬಂದವರು ಏನಂದರು ಗೊತ್ತಾ? “ಚೇರ್ ಹೋಗ್ತದಲ್ರಿ, ಮತ್ತೇನ್ ಬೇಕು?” ಅಮ್ಮನ ಚೇರನ್ನೇ ತಂದು ಮುಂದೆ ನಿಲ್ಲಿಸಿದೆ. ಚಕ್ರದ ಹೊರಗಿನ ರಿಂಗ್‌ನಿಂದ ರಿಂಗ್‌ಗೆ 650. ಎರಡೂ ಕಡೆ ಉಳಿಯುವುದು 25, 25, ಅಂದರೆ ಒಂದೊಂದು ಇಂಚು. ರಿಂಗ್ ಹಿಡಿದು ತಾನೇ ತಳ್ಳಿಕೊಂಡು ಹೋಗುವವರ ಬೆರಳಿನ ಗೆಣ್ಣು ಎಲ್ಲಿಗೆ ತಾಗುತ್ತದೆ? ಸೀದಾ ಈ ಸ್ಟೀಲ್ ಅಂಚಿಗೆ. ಚೇರ್ ಹೋಗುತ್ತದೆ ಅನ್ನುವುದು ಬೇರೆ, ಮನುಷ್ಯರು ಕೂತು ಹೋಗುವುದು ಬೇರೆ ಅಲ್ವಾ?

ಜಾಗ ಇಲ್ಲ ಅಂತಲೂ ಅಲ್ಲ. ನಡುವಿನಿಂದ ಎರಡೂ ಕಡೆ ಸರಿಯುವ ಬಾಗಿಲಿಗೆ ತೆರೆದಷ್ಟರ ಎರಡು ಪಟ್ಟು ಅಗಲ ಬೇಕು. ಎರಡೂ ಹಲಗೆ ಒಂದೇ ಕಡೆಗೆ ಸರಿಯುವ ಟೆಲಿಸ್ಕೋಪಿಕ್‌ಗೆ ಒಂದೂವರೆ ಪಟ್ಟು, ಮೇಲೆ ಸ್ವಲ್ಪ. ನಮ್ಮದು ಟೆಲಿಸ್ಕೋಪಿಕ್, ಶಾಫ್ಟಿನ, ಅಂದರೆ ಲಿಫ್ಟ್ ಓಡಾಡುವ ಬಾವಿಯಂಥ ಜಾಗದ ಒಳ ಅಗಲ ಐದು ಅಡಿ, 800 ಆರಾಮಾಗಿ ಕೂರುತ್ತದೆ. ಅವರ ಹತ್ತಿರ 700 ರೆಡಿ ಇತ್ತು, ಅದನ್ನೇ ಲೋಡ್ ಮಾಡಿ ಕಳಿಸಿದ್ದಾರೆ. ಬದಲಾಯಿಸಿ ಅಂದರೆ ಸಾಗಣೆ ಖರ್ಚು ನಾವು ಕೊಡಬೇಕಂತೆ! ಒಂದು ರೂಪಾಯಿನೂ ಕೊಡಲಿಲ್ಲ. ಕೊನೆಗೆ ಬದಲಾಯಿಸಿದರು, ಆದರೆ ವಾರಗಟ್ಟಲೆ ಹೋಯಿತು. ಅಷ್ಟೂ ದಿನ ಮೂರು ಅಂತಸ್ತಿನಲ್ಲೂ ಶಾಫ್ಟು ಬಾಯಿ ತೆರೆದುಕೊಂಡಿತ್ತು. ಅಕ್ಕನ ಮಕ್ಕಳು ರಜೆಗೆ ಬಂದಿದ್ದರು, ಪ್ಲೈವುಡ್ ಹೊಡೆಸಿದರೂ ನನಗೆ ನಿದ್ದೆ ಇಲ್ಲ. ನೀವು ಸುಮ್ನೆ ಕ್ಯಾಬಿನ್ನಿನ ಲೈಟು, ಕನ್ನಡಿ, ಗ್ರಾನೈಟ್ ನೋಡಿ ಮರುಳಾಗಬೇಡಿ. ಬಾಗಿಲು ಪೂರ್ತಿ ತೆರೆದಾಗ ಎಷ್ಟು ಅಗಲ, ಅದನ್ನು ಬರೆಸಿಕೊಳ್ಳಿ. ಮನೆಯಲ್ಲಿ ವೀಲ್‌ಚೇರ್ ಇದ್ದರೆ 800ಕ್ಕಿಂತ ಕಡಿಮೆಗೆ ಒಪ್ಪಲೇಬೇಡಿ.

ಹಿಂದಿನ ವಿಡಿಯೋದಲ್ಲಿ ಕೈಯಲ್ಲಿ ಎಳೆಯುವ ಬಾಗಿಲೇ ಗಟ್ಟಿ, ಕೆಡೋದು ಕಡಿಮೆ ಅಂದಿದ್ದೆ. ಈಗ ಆ ಮಾತಿಲ್ಲ. ಚೇರಿನಲ್ಲಿ ಕೂತವರು ಬಾಗಿಲು ಎಳೆಯಬೇಕು, ಹಿಂದೆ ಸರಿಯಬೇಕು, ಮತ್ತೆ ಮುಂದೆ ಹೋಗಬೇಕು. ಆಟೋಮ್ಯಾಟಿಕ್ಕೇ ಸರಿ.

ಲಿಫ್ಟ್ ಕೂರಿಸುವವರು ಊಟಕ್ಕೆ ಕೂತಿದ್ದಾರೆ. ಹೊರ ರಾಜ್ಯದ ಹುಡುಗರು, ಮೊದಲು ಅನ್ನವೇ ಬೇಕು ಅನ್ನುತ್ತಿದ್ದರು. ಈಗ ಅಮ್ಮನ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಇಲ್ಲದಿದ್ದರೆ ಆಗಲ್ಲ. ಕಡಕ್ ರೊಟ್ಟಿ ಕಟ್ಟಿಕೊಂಡು ಊರಿಗೆ ಬೇರೆ ಒಯ್ಯುತ್ತಾರಂತೆ, ಆ ಡಬ್ಬಿ ನೋಡಿ... ಸರಿ ಸರಿ, ಶಾಟ್ ಮುಗೀತು, ರೇಟು ಹೇಳಿಬಿಡುತ್ತೇನೆ.

ರೇಟು ಹೇಳುವಾಗ ಜಿಎಸ್‌ಟಿ ಬಿಟ್ಟು ಹೇಳುತ್ತಾರೆ. ಅದು 18%. ನಮಗೆ 10 ಲಕ್ಷ ಅಂದಿದ್ದು 11 ಲಕ್ಷ 80 ಸಾವಿರ ಆಯಿತು. ಗುಂಡಿ, ಗೋಡೆ, ಕರೆಂಟಿನ ಲೈನು ಎಲ್ಲ ನಮ್ಮ ತಲೆ ಮೇಲೆ. ಜೊತೆಗೆ ಕರ್ನಾಟಕದಲ್ಲಿ ಲಿಫ್ಟಿಗೆ 2012ರ ಕಾಯ್ದೆ ಇದೆ. ಹಾಕುವ ಮೊದಲು ಅನುಮತಿ, ಓಡಿಸುವ ಮೊದಲು ಲೈಸೆನ್ಸ್ ಬೇಕು. ಇದನ್ನು ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ. ಮನೆ ಲಿಫ್ಟ್ ತಾನೇ ಅಂತ ಬಿಡಬೇಡಿ.

ನಾಳೆ ಲೋಡ್ ಟೆಸ್ಟ್. ನಾಲ್ಕು ಜನರ ಲಿಫ್ಟ್ ಅಂದರೆ ತಲೆಗೆ 68 ಕೆಜಿ ಲೆಕ್ಕ, ಒಟ್ಟು 272. ತೂಕದ ಕಲ್ಲು ತರಲು ಇನ್ನೂ ತಡ ಆಗುತ್ತದೆ ಅಂದರು. ನಮ್ಮೂರಲ್ಲಿ ತೂಕಕ್ಕೆ ಬರವೇ? ಪರಿಚಯದ ದಾಲ್ ಮಿಲ್‌ನಿಂದ 50 ಕೆಜಿಯ ಐದು ತೊಗರಿಬೇಳೆ ಚೀಲ ಬರುತ್ತಿವೆ, ಉಳಿದ 22 ಕೆಜಿಗೆ ಮನೆಯ ಜೋಳದ ಚೀಲ ತೂಗಿ ಇಟ್ಟಿದ್ದೇನೆ.