ಮನೆಗೆ ಒಂದೇ ಚಿತ್ರ ಎಂದರೆ: ಮೈಸೂರು ಶೈಲಿಯ ಶ್ರೀರಾಮ ಪಟ್ಟಾಭಿಷೇಕ

ಎಲ್ಲರಿಗೂ ನಮಸ್ಕಾರ.

ಚಿತ್ರಶಾಲೆಯಿಂದ ಹೊರಗೆ ಬರುವಾಗ ಮನಸ್ಸು ಒಂದು ಕಳ್ಳಲೆಕ್ಕ ಹಾಕುತ್ತದೆ: ಇಷ್ಟರಲ್ಲಿ ಒಂದನ್ನು ಮನೆಗೆ ಒಯ್ಯಿ ಅಂದರೆ ಯಾವುದನ್ನು ಎತ್ತಿಕೊಳ್ಳಲಿ? ಈ ಸಂಜೆಯ ಮಾತು ಆ ಲೆಕ್ಕದ್ದು. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೈಸೂರು ಸಾಂಪ್ರದಾಯಿಕ ಶೈಲಿಯ ಶ್ರೀರಾಮ ಪಟ್ಟಾಭಿಷೇಕ. ಒಂದಡಿ ಅಗಲ, ಒಂದೂವರೆ ಅಡಿ ಎತ್ತರ. ಅದಕ್ಕಿಂತ ದೊಡ್ಡದು ಬೇಡ. ಭಕ್ತಿ ಕಾರಣವಾಗಿದ್ದರೆ ಅದು ಅವರವರಿಗೆ ಬಿಟ್ಟದ್ದು. ಇಲ್ಲಿ ಹೇಳುವ ಕಾರಣ ಬೇರೆ. ಈ ಚಿತ್ರದ ಒಳ್ಳೆಯದು ಕೆಟ್ಟದ್ದು ಬಹುಪಾಲು ಅದರ ಮೈಮೇಲೆಯೇ ಕಾಣುತ್ತದೆ. ನೋಡಲು ಗೊತ್ತಿದ್ದವರನ್ನು ಏಮಾರಿಸುವುದು ಸುಲಭವಲ್ಲ. ಅದಕ್ಕೆ ಬೇಕಾದ ಸಲಕರಣೆ ಎರಡೇ: ಫೋನಿನ ಟಾರ್ಚ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ.

ಇತಿಹಾಸವನ್ನು ಬೇಗ ಮುಗಿಸೋಣ. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಚಿತ್ರಗಾರರ ಮನೆತನಗಳು ಆಶ್ರಯ ಹುಡುಕಿ ಚದುರಿದವು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣಕ್ಕೆ ಬಂದು ನೆಲೆಸಿದಾಗ ಕೆಲವರಿಗೆ ಅಲ್ಲಿ ಜಾಗ ಸಿಕ್ಕಿತು. ಶೈಲಿ ಪೂರ್ತಿ ಅರಳಿದ್ದು 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ. ಅವರ ಶ್ರೀತತ್ವನಿಧಿ ಗ್ರಂಥದಲ್ಲಿ ದೇವತೆಗಳ ಬಣ್ಣ, ಆಯುಧ, ವಾಹನ, ಕೈಗಳ ಸಂಖ್ಯೆ ಎಲ್ಲ ಚಿತ್ರಸಹಿತ ದಾಖಲಾಗಿವೆ. ಬೆಂಗಳೂರಿಗೂ ಈ ನಂಟು ಇದೆ. ಕಸ್ತೂರ್ಬಾ ರಸ್ತೆಯಲ್ಲಿ ಯಾರ ಹೆಸರಿನ ಚಿತ್ರಶಾಲೆ ಇದೆಯೋ ಆ ಕೆ. ವೆಂಕಟಪ್ಪನವರು ಆಸ್ಥಾನ ಚಿತ್ರಗಾರರ ಮನೆತನದವರೇ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತು ಜಲವರ್ಣದ ಕಡೆ ಹೋದರೂ, ಮುಂದೆ ಮೈಸೂರು ಅರಮನೆಗೆ ಗಾರೆಯ ಉಬ್ಬುಚಿತ್ರಗಳನ್ನು ಮಾಡಿಕೊಟ್ಟರು. ಉಬ್ಬಿನ ರುಚಿ ಆ ಮನೆತನದ ಕೈಯಲ್ಲೇ ಇತ್ತು ಅನ್ನಿಸುತ್ತದೆ. ಇವತ್ತಿನ ಮಾತಿನ ತಿರುಳೂ ಉಬ್ಬೇ: ಚಿತ್ರದಲ್ಲಿ ಚಿನ್ನದ ರೇಕಿನ, ಅಂದರೆ ತೆಳು ಹಾಳೆಯ, ಅಡಿಯಲ್ಲಿ ಎತ್ತರವಾಗಿ ಕಟ್ಟುವ ಕೆಲಸ.

ಪಟ್ಟಾಭಿಷೇಕವೇ ಯಾಕೆ? ಒಂಟಿ ಲಕ್ಷ್ಮಿಯನ್ನೋ ಸರಸ್ವತಿಯನ್ನೋ ಮೂರು ವರ್ಷ ಅಭ್ಯಾಸ ಮಾಡಿದವರು ತಪ್ಪಿಲ್ಲದೆ ಮಾಡಿಯಾರು. ಪಟ್ಟಾಭಿಷೇಕದಲ್ಲಿ ರಾಮ ಸೀತೆ, ತಮ್ಮಂದಿರು, ಕಾಲ ಬಳಿ ಹನುಮಂತ, ವಸಿಷ್ಠರು, ಸುಗ್ರೀವ, ವಿಭೀಷಣ ಎಲ್ಲರೂ ಒಂದಡಿಯಲ್ಲಿ ಕೂಡಬೇಕು. ಪಕ್ಕದವರ ಮುಖ ಹೆಬ್ಬೆರಳ ಉಗುರಿನಷ್ಟೇ ಇರುತ್ತದೆ. ಆ ಅಳತೆಯಲ್ಲಿ ರೆಪ್ಪೆಯ ಗೆರೆ ದಪ್ಪವಾದರೆ ಋಷಿ ಕೋಪಿಷ್ಠನಂತೆ ಕಾಣುತ್ತಾನೆ, ತುಟಿ ಜಾರಿದರೆ ಭರತ ಸಿಡುಕನಾಗುತ್ತಾನೆ. ಮೇಲೆ ಸಿಂಹಾಸನ, ಕಂಬ, ಕಮಾನು, ಛತ್ರಿ. ಉಬ್ಬು ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಈಗ ತಯಾರಿಕೆಗೆ ಬರೋಣ. ಮೊದಲು ಹಲಗೆ. ಹಿಂದೆ ಕಾಗದವನ್ನು ಬಟ್ಟೆ ಅಥವಾ ಮರದ ಮೇಲೆ ಅಂಟಿಸುತ್ತಿದ್ದರು. ಇಂದು ಪ್ಲೈವುಡ್ ಅಥವಾ ದಪ್ಪ ರಟ್ಟಿನ ಮೇಲೆ ಕಾಗದ. ಮೈದಾ ಅಂಟಾದರೆ ಹುಳ ಬೀಳದಂತೆ ಚಿಟಿಕೆ ಮೈಲುತುತ್ತ ಸೇರಿಸುವ ರೂಢಿ ಇದೆ. ಇಲ್ಲಿ ಆಗುವ ದೊಡ್ಡ ತಪ್ಪು ಮುಂಭಾಗಕ್ಕೆ ಮಾತ್ರ ಕಾಗದ ಅಂಟಿಸುವುದು. ಒಣಗುವಾಗ ಕಾಗದ ಎಳೆಯುತ್ತದೆ, ಹಲಗೆ ತೊಟ್ಟಿಲಿನಂತೆ ಬಾಗುತ್ತದೆ. ಹಿಂದೆಯೂ ಅಷ್ಟೇ ದಪ್ಪದ ಕಾಗದ ಅಂಟಿಸಿದರೆ ಎರಡು ಎಳೆತ ಒಂದಕ್ಕೊಂದು ಸಮವಾಗುತ್ತದೆ. ಕೊಳ್ಳುವಾಗ ಚಿತ್ರವನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ಅಂಚು ನೋಡಿ. ಬಾಗು ಈಗಲೇ ಕಂಡರೆ ಬಿಟ್ಟುಬಿಡಿ, ಅದು ಮುಂದೆ ಉಬ್ಬನ್ನು ಒಡೆಯುತ್ತದೆ.

ನಂತರ ರೇಖೆ. ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ಮುಚ್ಚಿ ಸುಟ್ಟರೆ ಸಿಗುವ ಇದ್ದಿಲು ಹಳೆಯ ಪೆನ್ಸಿಲ್. ಅದರ ಗೆರೆ ಬಟ್ಟೆಯಿಂದ ತಟ್ಟಿದರೆ ಹೋಗುತ್ತದೆ, ತಿದ್ದಲು ಅನುಕೂಲ. ಇಂದು ಅಂಗಡಿಯ ಪೆನ್ಸಿಲ್ಲೇ ಹೆಚ್ಚು.

ಇನ್ನು ಉಬ್ಬು. ಕಲಾವಿದರ ಬಾಯಲ್ಲಿ ಗೆಸ್ಸೋ, ಹಳೆಯ ಹೆಸರು ಮಕ್ಕಿ ಸಫೇದ. ಇದರಲ್ಲಿ ಮೂರು ವಸ್ತು. ಒಂದು ಬಿಳಿ ಪುಡಿ: ಹಿಂದೆ ಸೀಸದ ಬಿಳಿ, ಈಗ ಸತುವಿನ ಆಕ್ಸೈಡ್. ಸೀಸ ವಿಷ, ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದವರಿಗಂತೂ ಈ ಬದಲಾವಣೆ ವರವೇ ಸರಿ. ಎರಡು, ಗೋಂದು. ಒಂದು ಪಾಲು ಗೋಂದಿಗೆ ಎರಡು ಪಾಲು ನೀರು ಹಾಕಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಬೇಕು. ಸೋಸದಿದ್ದರೆ ಮರದ ತೊಗಟೆಯ ಚೂರು ಕುಂಚಕ್ಕೆ ಸಿಕ್ಕಿ ಗೆರೆ ಕೆಡುತ್ತದೆ. ಮೂರು, ಅರಿಶಿನಗುರ್ಗಿ ಜಾತಿಯ ಮರದಿಂದ ಬರುವ ಹಳದಿ ಅಂಟು, ಅಂದರೆ ಗ್ಯಾಂಬೋಜ್. ಹಳದಿ ಯಾಕೆ ಅಂತ ಕೇಳಬಹುದು. ಚಿನ್ನದ ರೇಕು ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟೇ ಬಿಡುತ್ತದೆ. ಅಡಿಯಲ್ಲಿ ಬಿಳಿ ಇದ್ದರೆ ಆ ಬಿರುಕು ಕಣ್ಣಿಗೆ ಹೊಡೆಯುತ್ತದೆ, ಹಳದಿ ಇದ್ದರೆ ಚಿನ್ನದಲ್ಲೇ ಕರಗಿಹೋಗುತ್ತದೆ.

ಪುಡಿಯನ್ನು ಕಲ್ಲಿನ ಮೇಲೆ ಗೋಂದಿನ ಜೊತೆ ಅರೆಯಬೇಕು, ಬೆರಳಿಗೆ ತರಿ ಸಿಗದಷ್ಟು. ಹದ ನೀರುದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ. ಸಣ್ಣ ಕುಂಚದಲ್ಲಿ ಅದ್ದಿ ಒಡವೆ, ಸೆರಗಿನ ಅಂಚು, ಕಂಬದ ಬಳ್ಳಿಗಳ ಮೇಲೆ ಹನಿ ಇಳಿಸಿದಂತೆ ಎಳೆಯುವುದು. ಒಂದೇ ಸಲಕ್ಕೆ ಎತ್ತರ ಕಟ್ಟಲು ಹೋದರೆ ಮೇಲ್ಪದರ ಒಣಗಿ ಒಳಗೆ ಹಸಿ ಉಳಿಯುತ್ತದೆ, ಮರುದಿನ ಸೀಳು. ಆದ್ದರಿಂದ ತೆಳು ಪದರ, ಪೂರ್ತಿ ಒಣಗಿದ ಮೇಲೆ ಇನ್ನೊಂದು. ಗೋಂದು ಹೆಚ್ಚಾದರೆ ಉಬ್ಬು ಗಾಜಿನಂತೆ ಗಡುಸಾಗಿ ಬಿರುಕು ಬಿಟ್ಟು ಅಂಚು ಮೇಲೇಳುತ್ತದೆ. ಕಡಿಮೆಯಾದರೆ ರಂಗೋಲಿ ಪುಡಿಯಂತೆ ಬೆರಳಿಗೆ ಹತ್ತುತ್ತದೆ. ಮಳೆಗಾಲದಲ್ಲಿ ಇಲ್ಲಿ ಗಾಳಿಯ ತೇವಕ್ಕೆ ಒಣಗಲು ಹೊತ್ತು ಹಿಡಿಯುತ್ತದೆ. ಮಾರ್ಚಿ ತಿಂಗಳ ಒಣ ಗಾಳಿಯಲ್ಲಿ ತೀರಾ ಬೇಗ ಒಣಗಿ ಅದೂ ಬಿರುಕಿಗೆ ದಾರಿ. ಫ್ಯಾನ್ ಕೆಳಗಿಟ್ಟು ಒಣಗಿಸುವ ಆತುರವಂತೂ ಖಂಡಿತ ಬೇಡ.

ತಂಜಾವೂರಿನ ಚಿತ್ರದ ಜೊತೆ ಇದನ್ನು ಬೆರೆಸುವವರು ಬಹಳ. ಅಲ್ಲಿ ಉಬ್ಬು ದಪ್ಪ, ಚಿನ್ನದ ಹಾಳೆ ದಪ್ಪ, ಮೇಲೆ ಗಾಜಿನ ಹರಳು. ದೂರದಿಂದಲೇ ಕೂಗಿ ಕರೆಯುತ್ತದೆ. ಮೈಸೂರಿನದು ತಗ್ಗು ಉಬ್ಬು, ಸಾಮಾನ್ಯವಾಗಿ ಹರಳಿಲ್ಲ, ಚಿನ್ನ ಬೇಕಾದಷ್ಟೇ ಜಾಗದಲ್ಲಿ. ಹತ್ತಿರ ಹೋದರೆ ಮಾತ್ರ ಮಾತಾಡುತ್ತದೆ. ಎರಡರಲ್ಲಿ ಯಾವುದು ಮೇಲು ಎಂಬ ಜಗಳ ಬೇಡ. ಆದರೆ ಮೈಸೂರು ಚಿತ್ರ ಅಂತ ಮಾರುವುದರ ಮೇಲೆ ಹರಳು ಗಿಜಿಗುಟ್ಟುತ್ತಿದ್ದರೆ, ಉಬ್ಬಿನ ಕೆಲಸ ಮುಚ್ಚಿಡಲು ಹಾಗೆ ಮಾಡಿದ್ದಾರೆಯೇ ಅಂತ ಅನುಮಾನಪಡಿ.

ಚಿನ್ನ. ಒಣಗಿದ ಉಬ್ಬಿನ ಮೇಲೆ ಗೋಂದಿನ ನೀರು ಸವರುತ್ತಾರೆ. ಸ್ವಲ್ಪ ಸಕ್ಕರೆ ಸೇರಿದರೆ ಅಂಟು ಪೂರಾ ಒಣಗದೆ ಜಿಗುಟಾಗಿ ಉಳಿಯುತ್ತದೆ. ಆಗ ರೇಕು ಇಟ್ಟು ಮೆತ್ತನೆ ಹತ್ತಿಯಿಂದ ಒತ್ತಿ, ಹೆಚ್ಚಿನದ್ದನ್ನು ಒಣ ಕುಂಚದಿಂದ ಉದುರಿಸುವುದು. ಅಂಟು ತೀರಾ ಹಸಿಯಿದ್ದರೆ ಚಿನ್ನ ಮುಳುಗಿ ಮಂಕಾಗುತ್ತದೆ, ಒಣಗಿಹೋದರೆ ಹಿಡಿಯುವುದೇ ಇಲ್ಲ.

ಇಲ್ಲೊಂದು ಲೆಕ್ಕ ಮಾಡೋಣ, ಅಂಗಡಿಯಲ್ಲಿ ಉಪಯೋಗಕ್ಕೆ ಬರುತ್ತದೆ. 80 ಮಿಲಿಮೀಟರ್ ಚೌಕದ ಶುದ್ಧ ಚಿನ್ನದ ರೇಕಿನ ದಪ್ಪ ಸುಮಾರು 0.1 ಮೈಕ್ರಾನ್, ತೂಕ ಸುಮಾರು 12 ಮಿಲಿಗ್ರಾಂ. ನಮ್ಮ ಚಿತ್ರದ ಒಟ್ಟು ಹರವು ಸುಮಾರು 1,400 ಚದರ ಸೆಂಟಿಮೀಟರ್. ಕಾಲು ಭಾಗ ಚಿನ್ನ ಅಂದರೆ 350. ಐದಾರು ರೇಕು ಸಾಕು, ಹಾಳಾಗುವುದೂ ಸೇರಿ ಹತ್ತು ಅನ್ನಿ. ಅಲ್ಲಿಗೆ 120 ಮಿಲಿಗ್ರಾಂ. ರೇಕು ಎರಡು ಪಟ್ಟು ದಪ್ಪವಿದ್ದರೂ ಕಾಲು ಗ್ರಾಂ ದಾಟುವುದಿಲ್ಲ. ಬೆಲೆ ಕೇಳಿದಾಗ "ಎಲ್ಲ ಚಿನ್ನದ್ದೇ ಸರ್" ಅಂದರೆ ಈ ಕಾಲು ಗ್ರಾಂ ನೆನಪಿಡಿ. ನೀವು ದುಡ್ಡು ಕೊಡುತ್ತಿರುವುದು ಕೈಗೆ, ವಾರಗಟ್ಟಲೆ ಕೂತ ಬೆನ್ನಿಗೆ. ಅದಕ್ಕೆ ಚೌಕಾಸಿ ಮಾಡುವುದು ನ್ಯಾಯವಲ್ಲ ಎಂಬುದೂ ಇದೇ ಲೆಕ್ಕದಿಂದ ಗೊತ್ತಾಗುತ್ತದೆ.

ಬಣ್ಣ ಚಿನ್ನದ ನಂತರ. ಮೊದಲು ಹಿನ್ನೆಲೆ, ಆಮೇಲೆ ಬಟ್ಟೆ, ಮೈ, ಕೊನೆಗೆ ಮುಖ. ಕಣ್ಣು ಎಲ್ಲಕ್ಕಿಂತ ಕೊನೆಗೆ. ಹಳೆಯ ಪೆಟ್ಟಿಗೆಯಲ್ಲಿ ಇಂಗಳೀಕದ ಕೆಂಪು, ಹರಿದಾಳದ ಹಳದಿ, ಕಾವಿ, ನೀಲಿ ಗಿಡದ ಬಣ್ಣ, ಕಾಡಿಗೆ ಇದ್ದವು. ಇವುಗಳಲ್ಲಿ ಗಿಡದ ನೀಲಿ ಬೆಳಕಿಗೆ ಸೋಲುತ್ತದೆ, ಸೀಸದ ಬಿಳಿ ಗಾಳಿಯಲ್ಲಿನ ಗಂಧಕಕ್ಕೆ ಕಪ್ಪಾಗುತ್ತದೆ. ಹಳೆಯ ಚಿತ್ರಗಳಲ್ಲಿ ಬಿಳಿ ಹೂವು ಬೂದಿಯಾಗಿರುವುದು ಅದಕ್ಕೇ. ಪೋಸ್ಟರ್ ಬಣ್ಣದ ಕೆಲವು ಗುಲಾಬಿ, ನೇರಳೆಗಳು ಇನ್ನೂ ಬೇಗ ಹೋಗುತ್ತವೆ. ಬಣ್ಣ ಒಣಗಿದ ಮೇಲೆ ತೆಳು ಕಾಗದ ಮುಚ್ಚಿ ನುಣುಪುಗಲ್ಲಿನಿಂದ ಹಗುರವಾಗಿ ಉಜ್ಜುತ್ತಾರೆ. ಒಳಗಿನಿಂದ ಬಂದಂತಿರುವ ಆ ಹೊಳಪು ಇದರದ್ದು. ವಾರ್ನಿಷ್ ಹೊಳಪು ಬೇರೆ, ಅದು ಮೇಲೆ ತೇಲುತ್ತದೆ, ವರ್ಷ ಕಳೆದಂತೆ ಹಳದಿಯಾಗುತ್ತದೆ.

ಈಗ ಕೊಳ್ಳುವ ಜಾಗಕ್ಕೆ. ಕುಮಾರಕೃಪಾ ರಸ್ತೆಯಲ್ಲಿ ಜನವರಿಯ ಚಿತ್ರಸಂತೆಗೆ ಹೋಗುವವರು ಬೆಳಿಗ್ಗೆ ಬೇಗ ಹೋಗಿ. ಹನ್ನೊಂದರ ಮೇಲೆ ನಿಂತು ನೋಡಲು ಜನ ಬಿಡುವುದಿಲ್ಲ. ಅದಕ್ಕೂ ಮೊದಲು ಒಂದು ದಿನ ಅದೇ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿರುವ ಮೈಸೂರು ಚಿತ್ರಗಳ ಸಂಗ್ರಹ ನೋಡಿ ಕಣ್ಣು ಹದಮಾಡಿಕೊಳ್ಳಿ. ಸಂತೆಯಲ್ಲಿ ಮೊದಲ ಪರೀಕ್ಷೆ ಭೂತಗನ್ನಡಿಯದು. ಕೆನ್ನೆಯ ಮೇಲೆ, ಆಕಾಶದ ಮೇಲೆ ಸಾಲುಸಾಲು ಬಣ್ಣದ ಚುಕ್ಕೆ ಕಂಡರೆ ಅದು ಮುದ್ರಿತ ಚಿತ್ರ, ಮೇಲೆ ಮಾತ್ರ ಗೆಸ್ಸೋ ಎಳೆದಿದ್ದಾರೆ. ಎರಡನೆಯದು ಚಿನ್ನದ್ದು. ಚಿನ್ನದ ಬಣ್ಣ ಬಳಿದಿದ್ದರೆ ಸಣ್ಣ ಮಿನುಗು ಕಣಗಳು ಕಾಣುತ್ತವೆ. ಹಿತ್ತಾಳೆ ರೇಕಾದರೆ ಒಂದರ ಮೇಲೊಂದು ಕೂತ ಅಂಚುಗಳು ಗೆರೆಯಾಗಿ ಕಾಣುತ್ತವೆ, ಕೆಲವು ವರ್ಷಕ್ಕೆ ಕಂದು ತಿರುಗುತ್ತದೆ. ಉಳಿದ ರೇಕಿನ ಚೂರು ಇದ್ದರೆ ತೋರಿಸಿ ಅಂತ ಕೇಳಿ: ನಿಜವಾದದ್ದು ಬೆರಳ ನಡುವೆ ಉಜ್ಜಿದರೆ ಇಲ್ಲವಾಗುತ್ತದೆ, ಹಿತ್ತಾಳೆಯದು ಚೂರಾಗಿ ಉಳಿಯುತ್ತದೆ. ಚಿತ್ರದ ಮೇಲೆ ಮಾತ್ರ ಬೆರಳಾಗಲಿ ಹನಿಯಾಗಲಿ ಬೇಡ. ಮೂರನೆಯದು ಬೆರಳುಗಳು. ಮುಖವನ್ನು ಎಲ್ಲರೂ ಜತನದಿಂದ ಬರೆಯುತ್ತಾರೆ. ಚಾಮರ ಹಿಡಿದ ಕೈಯಲ್ಲಿ ಕೆಲಸಗಾರ ಸಿಕ್ಕಿಬೀಳುತ್ತಾನೆ. ರಸೀದಿಯಲ್ಲಿ ಕಲಾವಿದರ ಹೆಸರು, ವರ್ಷ, ರೇಕಿನ ಕ್ಯಾರೆಟ್, ಹಲಗೆ ಯಾವುದು ಎಂದು ಬರೆಸಿಕೊಳ್ಳಿ. ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಈ ಶೈಲಿಗಿದೆ, ಆದರೆ ಅದು ಊರಿನ ಹೆಸರಿಗೆ ಸಿಕ್ಕ ರಕ್ಷಣೆ, ಒಂದೊಂದು ಚಿತ್ರದ ಗುಣಕ್ಕೆ ಕೊಟ್ಟ ಜಾಮೀನಲ್ಲ.

ಹಳೆಯದೇ ಬೇಕು ಅನ್ನುವವರಿಗೆ ಒಂದು ಮಾತು. ನೂರು ವರ್ಷ ದಾಟಿದ ಚಿತ್ರ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದನ್ನು ಮಾರುವವರಿಗೆ ಪರವಾನಗಿ ಇರಬೇಕು, ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದ ಮಗಳ ಮನೆಗೆ ಅಂತ ಯೋಚಿಸಿದ್ದರೆ ಹೊಸದನ್ನೇ ಮಾಡಿಸಿ.

ಚೌಕಟ್ಟಿನಲ್ಲಿ ಚಿತ್ರಗಳು ಸಾಯುವುದು ಹೆಚ್ಚು. ಗಾಜು ಚಿತ್ರಕ್ಕೆ ತಾಗಬಾರದು. ನಡುವೆ ಐದಾರು ಮಿಲಿಮೀಟರ್ ಅಂತರಪಟ್ಟಿ ಇಡಿಸಿ. ತಾಗಿದರೆ ಮಳೆಗಾಲದ ತೇವಕ್ಕೆ ಗೋಂದು ಮೆತ್ತಗಾಗಿ ಚಿನ್ನ ಗಾಜಿಗೆ ಹತ್ತುತ್ತದೆ, ಬಿಡಿಸಲು ಹೋದರೆ ರಾಮನ ಕಿರೀಟ ಗಾಜಿನ ಜೊತೆ ಬರುತ್ತದೆ. ಗಾಜಿನ ಬದಲು ಅಕ್ರಿಲಿಕ್ ಹಾಳೆಯೂ ಇಲ್ಲಿ ಬೇಡ: ಒರೆಸಿದಾಗ ಹುಟ್ಟುವ ವಿದ್ಯುತ್ತು ಸಡಿಲ ಚೂರುಗಳನ್ನು ಎಳೆಯುತ್ತದೆ. ಚಿಕ್ಕಪೇಟೆಯಲ್ಲಾಗಲಿ ಬಡಾವಣೆಯಲ್ಲಾಗಲಿ, ಚೌಕಟ್ಟಿನವರಿಗೆ "ಹಾರ್ಡ್‌ಬೋರ್ಡಿಗೆ ಅಂಟಿಸಬೇಡಿ, ಆಮ್ಲರಹಿತ ರಟ್ಟು ಹಾಕಿ" ಎಂದು ಬರೆದೇ ಕೊಡಿ. ಬಾಯಲ್ಲಿ ಹೇಳಿದ್ದು ಅಂಟಿನ ಡಬ್ಬಿ ತೆರೆದೊಡನೆ ಮರೆತುಹೋಗುತ್ತದೆ. ಹಿಂದಿನ ಕೆಳಮೂಲೆಗಳಿಗೆ ಎರಡು ರಬ್ಬರ್ ಗುಂಡಿ ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ.

ಎಲ್ಲಿ ತೂಗುಹಾಕುವುದು? ಮಳೆ ಹೊಡೆಯುವ ಹೊರಗೋಡೆ ಬೇಡ, ಬಿಸಿಲು ಬೀಳುವ ಗೋಡೆ ಬೇಡ. ದೇವರ ಮನೆ ಎಂದರೆ ಎಲ್ಲರಿಗೂ ಆಸೆ. ಆದರೆ ದೀಪದ ಮಸಿ, ಕರ್ಪೂರದ ಹೊಗೆ, ಅಭಿಷೇಕದ ತೇವ ಮೂರೂ ಅಲ್ಲೇ ಇವೆ. ಅಲ್ಲೇ ಇರಲೇಬೇಕಾದರೆ ದೀಪದಿಂದ ಕನಿಷ್ಠ ಮೂರಡಿ ದೂರ, ಕುಂಕುಮ ಗಾಜಿಗೆ ಮಾತ್ರ. ಗಾಜನ್ನು ಒರೆಸುವಾಗ ನೀರನ್ನು ಬಟ್ಟೆಗೆ ಸಿಂಪಡಿಸಿ, ಗಾಜಿಗಲ್ಲ. ಅಂಚಿನಿಂದ ಇಳಿದ ಒಂದು ಹನಿ ಗೋಂದಿನ ಕೆಲಸವನ್ನು ಕರಗಿಸಲು ಸಾಕು. ಕಾಗದದ ಮೇಲಿನ ಜಲವರ್ಣಕ್ಕೆ ವಸ್ತುಸಂಗ್ರಹಾಲಯಗಳು ಪಾಲಿಸುವ ಬೆಳಕಿನ ಮಿತಿ 50 ಲಕ್ಸ್. ಮನೆಯಲ್ಲಿ ಅಳೆದು ಕೂರಲಾಗದು. ಹಳದಿ ಛಾಯೆಯ ಸಣ್ಣ ಎಲ್‌ಇಡಿ, ನೋಡುವಾಗ ಮಾತ್ರ ಹಾಕಿ. ನೇರ ಎದುರಿನಿಂದ ಬೇಡ, ಎದುರು ಬೆಳಕಿಗೆ ತಗ್ಗು ಉಬ್ಬು ಚಪ್ಪಟೆಯಾಗುತ್ತದೆ. ಪಕ್ಕದಿಂದ ಅಥವಾ ಕೆಳಗಿನಿಂದ ಓರೆಯಾಗಿ ಬೀಳಲಿ, ಹಿಂದೆ ಎಣ್ಣೆದೀಪ ಬೀಳುತ್ತಿದ್ದಂತೆ.

ಮೇಜಿನ ಮೇಲೆ ಎರಡು ಹಲಗೆ ಇಟ್ಟಿದ್ದೇವೆ, ಒಂದು ಕೈಕೆಲಸ, ಒಂದು ಮುದ್ರಣದ ಮೇಲೆ ಗೆಸ್ಸೋ. ಯಾವುದು ಯಾವುದು ಅಂತ ಹೇಳುವುದಿಲ್ಲ. ಈಗ ಸಭಾಂಗಣದ ದೀಪ ಆರಿಸುತ್ತಾರೆ. ನಾಲ್ಕು ನಾಲ್ಕು ಜನ ಬನ್ನಿ, ಟಾರ್ಚನ್ನು ಹಲಗೆಯ ಅಂಚಿಗೆ ಸಮವಾಗಿ ಹಿಡಿಯಿರಿ, ಮೊದಲು ಕಂಬದ ಬಳ್ಳಿ ನೋಡಿ, ಆಮೇಲೆ ಚಾಮರದ ಕೈ.