ಚಾಕುವಿನ ‘ಕೆ’ ಯಾಕೆ ಮಾತಾಡುವುದಿಲ್ಲ?

(ಪರದೆಯ ಮೇಲೆ ಒಂದು ಚಾಕು. ಪಕ್ಕದಲ್ಲಿ ಐದು ಅಕ್ಷರ: ಕೆ, ಎನ್, ಐ, ಎಫ್, ಇ)

ನಮಸ್ಕಾರ. ಐದನೇ ಕ್ಲಾಸಿನಲ್ಲಿ ಎದ್ದು ನಿಂತು ಈ ಪದವನ್ನು ಜೋರಾಗಿ ಓದಿದ್ದೆ: ‘ಕ್ನೈಫ್’. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರೂ ನಕ್ಕರು. ‘ಅಲ್ಲಿ ಕೆ ಸೈಲೆಂಟು ಕಣೋ’ ಅಂದರು. ಯಾಕೆ ಸೈಲೆಂಟು ಅಂತ ಕೇಳುವ ಧೈರ್ಯ ನನಗಿರಲಿಲ್ಲ.

ಈಗ ಗೊತ್ತಾಗಿದೆ. ನಾನು ಓದಿದ್ದು ತಪ್ಪಲ್ಲ, ಸ್ವಲ್ಪ ಲೇಟು ಅಷ್ಟೆ. ಒಂದು 400 ವರ್ಷ.

ಹಿಂದೆ ಇಂಗ್ಲಿಷಿನಲ್ಲಿ ಈ ಕೆ ಬಾಯಿ ತುಂಬ ಕೇಳಿಸುತ್ತಿತ್ತು. ಚಾಕುವಿಗೆ ‘ಕ್ನೀಫ್’ ಅನ್ನುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ಹಾಕಿದಾಗಲೂ ಜನರ ಬಾಯಲ್ಲಿ ಕೆ ಇತ್ತು. ಅಚ್ಚಾಗುತ್ತಾ ಆಗುತ್ತಾ ಸ್ಪೆಲ್ಲಿಂಗ್ ಗಟ್ಟಿಯಾಯಿತು. ಆದರೆ ನಾಲಿಗೆ ಯಾರ ಮಾತು ಕೇಳುತ್ತದೆ? 17ನೇ ಶತಮಾನದಲ್ಲಿ ಅದು ಕೆ-ಯನ್ನು ನುಂಗಲು ಶುರು ಮಾಡಿತು. 18ನೇ ಶತಮಾನದ ಆರಂಭದ ಹೊತ್ತಿಗೆ ಕೆ ಬಾಯಿಂದ ಹೋಗಿತ್ತು, ಕಾಗದದ ಮೇಲೆ ಮಾತ್ರ ಉಳಿದಿತ್ತು. ಜರ್ಮನ್ನರು ಇವತ್ತಿಗೂ ಬಿಟ್ಟಿಲ್ಲ. ಮಂಡಿಗೆ ಅವರು ‘ಕ್ನೀ’ ಅಂತಲೇ ಅನ್ನುತ್ತಾರೆ. ಇಂಗ್ಲಿಷ್ ನ್ಯೂಸ್ ಓದುವವರು ಇಸ್ರೇಲಿನ ಸಂಸತ್ತು ಕ್ನೆಸೆಟ್ ಹೆಸರು ಹೇಳುವುದನ್ನು ಒಮ್ಮೆ ಕೇಳಿ. ಕ್ನ ಈಗ ಅವರ ನಾಲಿಗೆಗೆ ಸಲೀಸಾಗಿ ಬರುವುದಿಲ್ಲ, ನಡುವೆ ಒಂದು ಅ ಸೇರಿಸಿ ‘ಕನೆಸೆಟ್’ ಅನ್ನುತ್ತಾರೆ. ನಮ್ಮಲ್ಲಿ ಸ್ಕೂಲು ‘ಇಸ್ಕೂಲು’ ಆದ ಹಾಗೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ.

(ಪರದೆಯ ಮೇಲೆ ನಾಲ್ಕು ಅಕ್ಷರ: ಕೆ, ಎನ್, ಒ, ಡಬ್ಲ್ಯು)

ಇದು ‘ನೋ’. ಅಂದರೆ ತಿಳಿ, ಗೊತ್ತಿರು. ಕೆ ಸೇರಿಸಿ ಓದಿ: ಕ್ನೋ. ಈಗ ಕ ತೆಗೆದು ಗ ಇಡಿ: ಗ್ನೋ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಗ್ರೀಕ್ ಭಾಷೆಯಲ್ಲಿ ತಿಳಿವಿಗೆ ‘ಗ್ನೋಸಿಸ್’ ಅನ್ನುತ್ತಾರೆ. ಡಾಕ್ಟರು ಮಾಡುವ ಡಯಾಗ್ನೋಸಿಸ್ ಅಲ್ಲಿಂದಲೇ ಬಂತು. ಸಂಸ್ಕೃತದಲ್ಲಿ ಅದು ಜ್ಞಾನ. ಬರೆಯುವಾಗ ನಾವು ‘ಜ್ಞ’ ಹಾಕುತ್ತೇವೆ, ಹೇಳುವಾಗ ‘ಗ್ನಾನ’ ಅನ್ನುತ್ತೇವೆ. ಇಂಗ್ಲಿಷಿನವರ ಸ್ಪೆಲ್ಲಿಂಗ್ ನೋಡಿ ನಗುವ ಮೊದಲು ಇದನ್ನೂ ನೆನಪಿಟ್ಟುಕೊಳ್ಳಿ. ನೋ, ಗ್ನೋಸಿಸ್, ಜ್ಞಾನ ಮೂರೂ ಒಂದೇ ಬೇರಿನ ಪದಗಳು. ಮೂಲದಲ್ಲಿದ್ದ ಗ ಸದ್ದು ಇಂಗ್ಲಿಷ್, ಜರ್ಮನ್ ಕಡೆಯ ಭಾಷೆಗಳಲ್ಲಿ ಕ ಆಯಿತು.

ಮಂಡಿಯದ್ದೂ ಇದೇ ಕಥೆ. ಇಂಗ್ಲಿಷಿನಲ್ಲಿ ‘ನೀ’, ಲ್ಯಾಟಿನ್‌ನಲ್ಲಿ ‘ಗೆನು’, ಸಂಸ್ಕೃತದಲ್ಲಿ ‘ಜಾನು’. ಕೈ ಮಂಡಿ ಮುಟ್ಟುವಷ್ಟು ಉದ್ದ ಇದ್ದರೆ ಆಜಾನುಬಾಹು ಅನ್ನುತ್ತೇವಲ್ಲ, ಅದೇ ಜಾನು. ಕೊನೆಗೆ ಒಂದು ಎಲ್ ಸೇರಿಸಿ ‘ನೀಲ್’ ಅಂದರೆ ಮಂಡಿಯೂರುವುದು. ಹಾಗಂತ ‘ಇಂಗ್ಲಿಷ್ ಹುಟ್ಟಿದ್ದೇ ಕನ್ನಡದಿಂದ’ ಅಂತ ವಾಟ್ಸಾಪ್‌ನಲ್ಲಿ ಹರಡಬೇಡಿ. ನಂಟು ಇರುವುದು ಸಂಸ್ಕೃತಕ್ಕೆ, ನಾವು ಸಾಲ ತಂದವರು. ನಮ್ಮ ‘ಮಂಡಿ’ಗೂ ಇದಕ್ಕೂ ಸಂಬಂಧ ಇಲ್ಲ.

ಇನ್ನೊಂದು ತಮಾಷೆ ನೋಡಿ. ಕೆ-ಎನ್ ಪದಗಳಲ್ಲಿ ಉಬ್ಬಿಕೊಂಡಿರುವ ವಸ್ತುಗಳೇ ಜಾಸ್ತಿ. ‘ನಾಟ್’ ಅಂದರೆ ಗಂಟು. ‘ನಕಲ್’ ಅಂದರೆ ಬೆರಳಿನ ಗೆಣ್ಣು. ‘ನೋಲ್’ ಅಂದರೆ ಸಣ್ಣ ಗುಡ್ಡ, ದಿಣ್ಣೆ. ‘ನಾಬ್’ ಅಂದರೆ ಬಾಗಿಲಿಗೆ, ರೇಡಿಯೋಗೆ ಇರುವ ಗುಂಡನೆಯ ಹಿಡಿ. ಕನ್ನಡದಲ್ಲಿ ಈ ಕೆಲಸಕ್ಕೆ ಗ ಇದೆ: ಗಂಟು, ಗೆಣ್ಣು, ಗುಡ್ಡ, ಗಡ್ಡೆ, ಗುಂಡು. ಇದು ಶಾಸ್ತ್ರ ಅಲ್ಲ, ಸುಮ್ನೆ ನನ್ನ ಕಣ್ಣಿಗೆ ಬಿದ್ದದ್ದು. ಆದರೆ ಪದ ನೆನಪಿಡಲು ಸಾಕು.

(ಪರದೆಯ ಮೇಲೆ ಪರಾತದಲ್ಲಿ ಗೋಧಿ ಹಿಟ್ಟು, ಮುಷ್ಟಿ ಮಾಡಿದ ಕೈ)

ಈ ಕೈ ಏನು ಮಾಡುತ್ತಿದೆ? ಚಪಾತಿ ಹಿಟ್ಟು ನಾದುತ್ತಿದೆ. ಗೆಣ್ಣು ಒತ್ತಿ, ಮಡಚಿ, ಮತ್ತೆ ಒತ್ತುತ್ತಿದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ನೀಡ್’: ಕೆ, ಎನ್, ಇ, ಎ, ಡಿ. ನಾದು, ನೀಡ್. ಇದು ಬರೀ ಕಾಕತಾಳೀಯ, ಆದರೆ ಇನ್ನು ಮೇಲೆ ಮರೆಯುವುದಿಲ್ಲ ನೀವು. ಬೇಕು ಅನ್ನುವ ‘ನೀಡ್’ಗೂ ಇದೇ ಉಚ್ಚಾರ, ಸ್ಪೆಲ್ಲಿಂಗ್ ಬೇರೆ. ಹಿಟ್ಟು ಅಂಟದ ಹಾಗೆ ಹದವಾಗಿ ನಾದುವ ಕೈಚಳಕ ಇದೆಯಲ್ಲ, ಅದು ‘ನ್ಯಾಕ್’. ಸ್ವೆಟರ್ ಹೆಣೆಯುವುದು ‘ನಿಟ್’. ಅದು ಗಂಟಿನ ‘ನಾಟ್’ಗೆ ಹತ್ತಿರದ ನೆಂಟ.

ಗಂಟು ಅಂದೆನಲ್ಲ, ಹಡಗಿನ ವೇಗ ಅಳೆಯುವುದೂ ಗಂಟಿನಲ್ಲೇ. ಇದು ಹೆಸರಿಗೆ ಮಾತ್ರ ಅಲ್ಲ. ಹಿಂದೆ ನಾವಿಕರು ಹಗ್ಗಕ್ಕೆ 47 ಅಡಿ 3 ಇಂಚಿಗೊಂದು ಗಂಟು ಹಾಕುತ್ತಿದ್ದರು. ತುದಿಗೆ ಮರದ ಹಲಗೆ ಕಟ್ಟಿ ಹಡಗಿನ ಹಿಂದೆ ನೀರಿಗೆ ಬಿಡುತ್ತಿದ್ದರು. ಹಲಗೆ ನೀರಿನಲ್ಲಿ ನಿಂತಲ್ಲೇ ನಿಲ್ಲುತ್ತದೆ, ಹಡಗು ಮುಂದೆ ಹೋಗುತ್ತದೆ, ಹಗ್ಗ ಕೈಯಿಂದ ಜಾರುತ್ತದೆ. 28 ಸೆಕೆಂಡಿನ ಮರಳಿನ ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈ ದಾಟಿತೋ ಅದೇ ವೇಗ. ಒಂದು ನಾಟ್ ಅಂದರೆ ಈಗಿನ ಲೆಕ್ಕದಲ್ಲಿ ಗಂಟೆಗೆ 1.852 ಕಿಲೋಮೀಟರ್. ವಿಮಾನದ ಪೈಲಟ್‌ಗಳೂ ಇದನ್ನೇ ಬಳಸುತ್ತಾರೆ, ಹಗ್ಗ ಇಲ್ಲದೆ.

ಕೊನೆಯದಾಗಿ ಇಬ್ಬರು ಹುಡುಗರು. ‘ನೈಟ್’ ಮತ್ತು ‘ನೇವ್’. ಹಳೆಯ ಇಂಗ್ಲಿಷಿನಲ್ಲಿ ಎರಡಕ್ಕೂ ಅರ್ಥ ಹುಡುಗ. ಕೆಲಸದ ಹುಡುಗ ಅನ್ನುವ ಅರ್ಥವೂ ಇಬ್ಬರಿಗೂ ಅಂಟಿಕೊಂಡಿತು. ಆಮೇಲೆ ಒಬ್ಬನ ನಸೀಬು ತೆರೆಯಿತು. ನೈಟ್ ದೊರೆಯ ಜೊತೆ ಕುದುರೆ ಏರಿ ಯುದ್ಧಕ್ಕೆ ಹೋದ, ಬಿರುದಾದ. ನಮ್ಮ ವಿಶ್ವೇಶ್ವರಯ್ಯನವರು ‘ಸರ್’ ಆದದ್ದು 1915ರಲ್ಲಿ ಬ್ರಿಟಿಷರಿಂದ ಸಿಕ್ಕ ಕೆಸಿಐಇ ಅನ್ನುವ ಗೌರವದಿಂದ. ಅದರ ಮೊದಲ ಕೆ ಅಂದರೆ ನೈಟ್. ಇಲ್ಲಿ ಮಾತ್ರ ಆ ಕೆ-ಯನ್ನು ನಾವು ಗಟ್ಟಿಯಾಗಿ ಹೇಳುತ್ತೇವೆ ನೋಡಿ.

ನೇವ್ ಪಾಪ ಕೆಳಗಿಳಿದ. ಹುಡುಗ ಆಳಾದ, ಆಳು ಕಳ್ಳನಾದ. ಈಗ ನೇವ್ ಅಂದರೆ ಠಕ್ಕ. ಇಸ್ಪೀಟಿನಲ್ಲಿ ರಾಜ, ರಾಣಿ ಆದ ಮೇಲೆ ಬರುವ ಎಲೆಗೂ ಅದೇ ಹೆಸರಿತ್ತು. ನಾವು ಅದಕ್ಕೆ ಗುಲಾಮ ಅನ್ನುತ್ತೇವೆ. 19ನೇ ಶತಮಾನದಲ್ಲಿ ಎಲೆಯ ಮೂಲೆಗೆ ಅಕ್ಷರ ಅಚ್ಚು ಹಾಕಲು ಹೊರಟಾಗ ತಾಪತ್ರಯ ಶುರುವಾಯಿತು. ಕಿಂಗ್‌ಗೆ ಕೆ, ನೇವ್‌ಗೆ ಕೆ-ಎನ್. ಕೈಯಲ್ಲಿ ಎಲೆ ಬಿಡಿಸಿ ಹಿಡಿದರೆ ಯಾವುದು ರಾಜ, ಯಾವುದು ಗುಲಾಮ? ಅದಕ್ಕೇ ನೇವ್ ಹೋಗಿ ಜ್ಯಾಕ್ ಬಂದ, ಜೆ ಹಿಡಿದುಕೊಂಡು.

ಚೆಸ್ಸಿನಲ್ಲೂ ಅದೇ ಜಗಳ. ರಾಜನಿಗೂ ಕೆ, ಕುದುರೆಗೂ ಕೆ. ಕುದುರೆ ಅಲ್ಲಿ ನೈಟ್ ತಾನೆ. ಮೊದಲು ಕುದುರೆಗೆ ಕೆ-ಟಿ ಅಂತ ಬರೆಯುತ್ತಿದ್ದರು. ಈಗ ಬರೀ ಎನ್. ಕಿವಿಗೆ ಕೇಳಿಸದ ಕೆ-ಯನ್ನು ಇಂಗ್ಲಿಷಿನವರು ಬರೆಯುವುದನ್ನೂ ಬಿಟ್ಟದ್ದು ಇಲ್ಲಿ, 64 ಮನೆಗಳ ಒಳಗೆ.

ಮುಂದಿನ ವಾರ ಜಿ-ಎನ್ ಜೋಡಿ. ನೊರಜಿಗೆ ಇಂಗ್ಲಿಷಿನಲ್ಲಿ ಏನಂತಾರೆ, ಕೆಳಗೆ ಬರೆದು ಹಾಕಿ. ಸ್ಪೆಲ್ಲಿಂಗ್ ಹುಷಾರು, ಅಲ್ಲೂ ಒಬ್ಬ ಬಾಯಿ ಮುಚ್ಚಿಕೊಂಡು ಕೂತಿದ್ದಾನೆ.